ಶುಕ್ರವಾರದ ಟೇಪು

ಕಾಂದಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಟಿವಿಯ ಮೇಲ್ಗಡೆ ಐದು ಸರ್ಟಿಫಿಕೇಟುಗಳು ಗಾಜಿನ ಫ್ರೇಮಿನಲ್ಲಿ ತೂಗುತ್ತಿದ್ದವು. ಹೋದ ತಿಂಗಳು ನಾನೇ ಇಳಿಸಿದೆ. ಅವು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಮಾಸದೆ ಉಳಿದು ಐದು ಬಿಳಿಯ ಚೌಕಗಳಾಗಿವೆ. ಬಂದವರು ಕೇಳುತ್ತಾರೆ. ಬಣ್ಣ ಹೊಡೆಸುವುದಕ್ಕೆ ತೆಗೆದದ್ದು ಎನ್ನುತ್ತೇನೆ. ಬಣ್ಣ ಹೊಡೆಸುವ ಯೋಚನೆ ಇಲ್ಲ.

ಆ ಐದರಲ್ಲಿ ಒಂದೂ ನಾನು ಕಲಿತು ಪಡೆದದ್ದಲ್ಲ. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅವು ತಂದುಕೊಟ್ಟ ಕುರ್ಚಿಯನ್ನು ಉಳಿಸಿಕೊಳ್ಳಲು, ನನಗಿಂತ ಚೆನ್ನಾಗಿ ಕೆಲಸ ಬಲ್ಲ ಒಬ್ಬ ಮನುಷ್ಯನ ಕೆಲಸವನ್ನೂ ಅವನ ಹೆಸರನ್ನೂ ನಾನು ಹಾಳು ಮಾಡಿದೆ. ಹೇಗೆ ಮಾಡಿದೆ ಎನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ನಾನು ಉಡುಪಿ ಕಡೆಯಿಂದ ಹದಿನಾರನೆಯ ವಯಸ್ಸಿಗೆ ಮುಂಬಯಿಗೆ ಬಂದವನು. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆದೆ. ಕೆಲಸ ಮುಗಿದ ಮೇಲೆ ಸಂಜೆಯ ಕನ್ನಡ ಶಾಲೆಗೆ ಹೋಗಿ ಎಸ್ಸೆಸ್ಸಿ ಮುಗಿಸಿದೆ. ಶಾಲೆಯ ವಿದ್ಯೆ ಅಲ್ಲಿಗೆ ನಿಂತಿತು. ಹೋಟೆಲು ಮಾತ್ರ ಇನ್ನೊಂದು ವಿದ್ಯೆ ಕಲಿಸಿತ್ತು. ನಮ್ಮಲ್ಲಿ ಆರ್ಡರ್ ಬರೆದುಕೊಳ್ಳುವ ಪದ್ಧತಿ ಇರಲಿಲ್ಲ. ಬಾಗಿಲಿನಲ್ಲಿ ಗಿರಾಕಿಯ ಮುಖ ಕಂಡರೆ ಸಾಕು, ಅವನ ತಿಂಡಿ ನೆನಪಾಗಬೇಕು. ದಪ್ಪ ಕನ್ನಡಕದವನಿಗೆ ಚಟ್ನಿ ಇಲ್ಲದ ಇಡ್ಲಿ, ಬ್ಯಾಂಕಿನ ಗುಮಾಸ್ತನಿಗೆ ಒಂದು ವಡೆ ಮತ್ತು ಕಡಕ್ ಚಹ, ಬಟ್ಟೆ ಅಂಗಡಿಯವನಿಗೆ ಎಣ್ಣೆ ಕಡಿಮೆ ಹಾಕಿದ ದೋಸೆ. ಇನ್ನೂರು ಮುಖ, ಇನ್ನೂರು ತಿಂಡಿ ನನ್ನ ತಲೆಯಲ್ಲಿದ್ದವು. ಅವರು ಯಾರು, ಎಲ್ಲಿಯವರು, ಏನು ಮಾಡುತ್ತಾರೆ ಎಂದು ನನಗೆ ಗೊತ್ತಿರಬೇಕಾಗಿರಲಿಲ್ಲ.

ಹೋಟೆಲಿಗೆ ಬರುತ್ತಿದ್ದ ಒಬ್ಬರು ಈ ನೆನಪಿನ ಶಕ್ತಿ ನೋಡಿಯೇ ಗೋರೆಗಾಂವಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನ್ನನ್ನು ಸೇರಿಸಿದರು. ಮೊದಲು ಟೈಪಿಂಗ್, ಆಮೇಲೆ ಕಂಪ್ಯೂಟರಿನಲ್ಲಿ ರಿಪೋರ್ಟ್ ತುಂಬುವುದು, ಹತ್ತಾರು ವರ್ಷ ಕಳೆದ ಮೇಲೆ ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ಹೆಸರು ದೊಡ್ಡದು. ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡರೆ ತೆಗೆಯುವುದು, ಮರೆತ ಪಾಸ್‌ವರ್ಡ್ ಬದಲಾಯಿಸುವುದು, ಎಲ್ಲ ರಿಪೋರ್ಟುಗಳನ್ನೂ ಇಟ್ಟುಕೊಂಡಿರುವ ದೊಡ್ಡ ಕಂಪ್ಯೂಟರನ್ನು, ಅಂದರೆ ಸರ್ವರನ್ನು, ನೋಡಿಕೊಳ್ಳುವುದು ನನ್ನ ಕೆಲಸ.

ಲ್ಯಾಬು ಬೆಳೆಯಿತು, ಶಾಖೆಗಳಾದವು. ಇನ್ನು ಮುಂದೆ ಸರ್ಟಿಫಿಕೇಟ್ ಇಲ್ಲದವರಿಗೆ ಪ್ರಮೋಷನ್ ಇಲ್ಲ ಎಂದು ಲ್ಯಾಬಿನ ಮಾಲೀಕರಾದ ಸಾಹೇಬರು ಹೇಳಿಬಿಟ್ಟರು. ಆಗ ನನಗೆ ನಲವತ್ತೇಳು. ಡಿಗ್ರಿ ಮಾಡಿದ ಹೊಸಬರು ನನ್ನನ್ನು ದಾಟಿ ಹೋಗುವ ದಿನ ಕಣ್ಣಿಗೆ ಕಾಣುತ್ತಿತ್ತು.

ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳನ್ನೇ ಯಾರೋ ಕದ್ದು, ಉತ್ತರದ ಸಮೇತ ಮಾರುತ್ತಾರೆ. ಅದಕ್ಕೆ ಡಂಪ್ ಎನ್ನುತ್ತಾರೆ. ನಾನು ಅದನ್ನು ತಂದೆ. ಪ್ರಶ್ನೆಯ ಮೊದಲ ನಾಲ್ಕು ಪದ ನನಗೆ ಗಿರಾಕಿಯ ಮುಖವಾಯಿತು, ಉತ್ತರ ಅವನ ತಿಂಡಿಯಾಯಿತು. ಕಾಂದಿವಲಿಯಲ್ಲಿ ಲೋಕಲ್ ರೈಲು ಹತ್ತಿ ಗೋರೆಗಾಂವಿನಲ್ಲಿ ಇಳಿಯುವುದರೊಳಗೆ ಹತ್ತು ಪ್ರಶ್ನೆ ಗುನುಗಿಕೊಳ್ಳುತ್ತಿದ್ದೆ. ನಮ್ಮ ರೈಲು ಡಬ್ಬಿಯಲ್ಲಿ ತಾಳ ಹಿಡಿದು ಭಜನೆ ಮಾಡುವವರ ಗುಂಪೊಂದಿತ್ತು. ಅದು ಯಾವ ಮಂತ್ರ, ನಮಗೂ ಕಲಿಸಿ ಎಂದು ಅವರಲ್ಲೊಬ್ಬ ಒಂದು ದಿನ ಕೇಳಿದ: "ಕಾಕಾ, ಕೌನ್ಸಾ ಮಂತ್ರ್ ಹೈ? ಹಮ್‌ಕೋ ಭೀ ಸಿಖಾವೋ." ಪ್ರಮೋಷನ್ ಮಂತ್ರ ಎಂದೆ. "ಫಿರ್ ತೋ ಜೋರ್ ಸೇ ಬೋಲೋ!" ಹಾಗಾದರೆ ಜೋರಾಗಿ ಹೇಳಿ ಎಂದು ಇಡೀ ಡಬ್ಬಿ ನಕ್ಕಿತು. ನಾನೂ ನಕ್ಕೆ.

ಮೊದಲ ಪರೀಕ್ಷೆ ಪಾಸಾಯಿತು. ಸೀನಿಯರ್ ಅಡ್ಮಿನಿಸ್ಟ್ರೇಟರ್ ಆದೆ. ಎರಡನೆಯದು, ಮೂರನೆಯದು. ಐದು ವರ್ಷದಲ್ಲಿ ಐದು ಫ್ರೇಮು. ನೆಂಟರು ಬಂದರೆ ಹೆಂಡತಿ ಒದ್ದೆ ಬಟ್ಟೆಯಿಂದ ಗಾಜು ಒರೆಸಿ, "ಇವ್ರು ಈ ಪ್ರಾಯದಲ್ಲಿ ಓದಿದ್ದು ನೋಡಿ" ಎನ್ನುತ್ತಿದ್ದಳು. ಇನ್ನು ಉಳಿದದ್ದು ಒಂದೇ ಮೆಟ್ಟಿಲು: ಎಲ್ಲ ಶಾಖೆಗಳ ಕಂಪ್ಯೂಟರುಗಳಿಗೆ ಮುಖ್ಯಸ್ಥ.

ಅಷ್ಟು ಹೊತ್ತಿಗೆ ನನ್ನ ಕೈಕೆಳಗೆ ಬಿಜಾಪುರ ಕಡೆಯ ಒಬ್ಬ ಮನುಷ್ಯ ಇದ್ದ. ವಯಸ್ಸು ಮೂವತ್ತೆರಡು. ಬಿಲ್ಡಿಂಗ್ ಕೆಲಸಕ್ಕೆ ಮುಂಬಯಿಗೆ ಬಂದವನು ಗೋಡೆಗಳಲ್ಲಿ ಕೇಬಲ್ ಎಳೆಯುತ್ತ ಎಳೆಯುತ್ತ, ಆ ಕೇಬಲಿನ ತುದಿಯಲ್ಲಿ ಏನಿದೆ ಎಂದು ನೋಡಿ ಕಲಿತಿದ್ದ. ಅವನ ಕೈ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಬಿದ್ದರೆ ಸಾಕು, ಯಾವ ಫ್ಯಾನು ಸಾಯುತ್ತಿದೆ ಎಂದು ಹೇಳುತ್ತಿದ್ದ. ಆದರೆ ಸರ್ಟಿಫಿಕೇಟ್ ಇರಲಿಲ್ಲ, ಆದ್ದರಿಂದ ಕೆಲಸ ಕಾಯಂ ಆಗಿರಲಿಲ್ಲ. ಒಂದು ಪರೀಕ್ಷೆ ಪಾಸಾದರೆ ಕಾಯಂ ಮಾಡುತ್ತೇವೆ ಎಂದು ಸಾಹೇಬರು ಮಾತು ಕೊಟ್ಟಿದ್ದರು. ನಾನು ಡಂಪ್ ಕೊಡುತ್ತೇನೆ ಎಂದೆ.

"ಬ್ಯಾಡ್ರಿ ಸರ," ಅಂದ. "ಉತ್ರ ಬಾಯಿಪಾಠ ಮಾಡಿದ್ರ, ನಾಳೆ ಮಷೀನು ಬ್ಯಾರೆ ಪ್ರಶ್ನೆ ಕೇಳಿತಂದ್ರ ಏನ್ ಮಾಡ್ಲಿ?"

"ಮಷೀನು ಪ್ರಶ್ನೆ ಕೇಳುವುದಿಲ್ಲ ಮಾರಾಯ."

"ಕೇಳತೈತ್ರಿ. ನಾವು ಕೇಳಸ್ಕೊಳ್ಳಂಗಿಲ್ಲ ಅಷ್ಟ."

ಭಾನುವಾರಗಳಲ್ಲಿ ನಮ್ಮ ಮನೆಗೆ ಬರುತ್ತಿದ್ದ. ಊರಿನಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದ. "ನಿಮ್ಮ ಅನ್ನ ಎರಡ ತಾಸಿಗೆ ಕರಗಿ ಹೋಗತೈತ್ರಿ ಅಕ್ಕಾರ, ಮೀನಿನ ವಾಸನಿ ಮಾತ್ರ ಎರಡ ದಿನ ಇರತೈತಿ" ಎಂದು ನನ್ನ ಹೆಂಡತಿಯನ್ನು ರೇಗಿಸುತ್ತಿದ್ದ. ಅವಳು, "ನಿಮ್ಮ ರೊಟ್ಟಿಯಿಂದ ತೆಂಗಿನಕಾಯಿ ಒಡಿಬಹುದು" ಎನ್ನುತ್ತಿದ್ದಳು. ಹೀಗೆ ನಮ್ಮ ಮನೆಯಲ್ಲಿ ಉಂಡವನು.

ಈಗ ಟೇಪಿನ ವಿಷಯ. ಸರ್ವರಿನಲ್ಲಿದ್ದ ರಿಪೋರ್ಟುಗಳ ಒಂದು ನಕಲನ್ನು ದಿನಾ ಸಂಜೆ ಏಳಕ್ಕೆ ಕ್ಯಾಸೆಟ್ಟಿನಂಥ ಟೇಪಿಗೆ ಇಳಿಸುತ್ತಿದ್ದೆವು; ಅದಕ್ಕೆ ಬ್ಯಾಕಪ್ ಎನ್ನುತ್ತಾರೆ. ಸರ್ವರ್ ಕೆಟ್ಟರೆ ಆ ಟೇಪಿನಿಂದ ಮತ್ತೆ ತುಂಬಬಹುದು. ವಾರದ ದಿನಗಳ ಟೇಪುಗಳು ಆಫೀಸಿನಲ್ಲೇ ಇರುತ್ತಿದ್ದವು. ಆಫೀಸಿಗೆ ಬೆಂಕಿ ಬಿದ್ದರೆ ಎಂಬ ಭಯಕ್ಕೆ ಶುಕ್ರವಾರದ ಟೇಪು ಮಾತ್ರ ನನ್ನ ಮನೆಗೆ ಬರುತ್ತಿತ್ತು. ಅಂಥವು ಒಟ್ಟು ಆರು. ಪ್ರತಿ ಶುಕ್ರವಾರ ಅತ್ಯಂತ ಹಳೆಯದನ್ನು ಒಯ್ದು, ಅದರ ಮೇಲೆ ಹೊಸ ನಕಲು ಇಳಿಸಿ ತರುತ್ತಿದ್ದೆ. ಮೊದಲ ಬಾರಿ ತಂದಾಗ ಬಾಗಿಲ ಹತ್ತಿರದ ಕಪಾಟಿನಲ್ಲಿಟ್ಟಿದ್ದೆ. ಹೆಂಡತಿ ಬೈದಳು: "ಜನರ ರೋಗದ ಕಥೆ ಅಲ್ವಾ ಅದ್ರಲ್ಲಿ ಇರೋದು? ಚಪ್ಪಲಿ ಹತ್ರ ಇಡ್ತೀರಲ್ಲ, ಎಂತ ಮನುಷ್ಯ ನೀವು?" ಆಮೇಲೆ ಅವು ದೇವರ ಗೂಡಿನ ಕೆಳಗಿನ ಡ್ರಾಯರಿನಲ್ಲಿ, ಹಳೆಯ ರೇಷ್ಮೆ ರವಿಕೆ ಕಣದಲ್ಲಿ ಸುತ್ತಿಕೊಂಡು ಇದ್ದವು. ದಿನಾ ಬೆಳಿಗ್ಗೆ ಅವುಗಳ ಮೇಲೆ ದೀಪ ಉರಿಯುತ್ತಿತ್ತು.

ಆ ವರ್ಷ ಹೊಸ ಸರ್ವರ್ ಬಂತು. ಹಳೆಯದರಲ್ಲಿದ್ದ ಒಂಬತ್ತು ವರ್ಷದ ರಿಪೋರ್ಟುಗಳನ್ನು ನಾನೇ ಅದಕ್ಕೆ ಸಾಗಿಸಿದೆ. ಬಿಜಾಪುರದವನು ಆಗ ಬೇರೆ ಶಾಖೆಯಲ್ಲಿ ಕೇಬಲ್ ಕೆಲಸದಲ್ಲಿದ್ದ. ಸಾಗಿಸಿ, ಹಳೆಯ ಸರ್ವರನ್ನು ಖಾಲಿ ಮಾಡಿ, ಚಹ ಕುಡಿದೆ.

ಎರಡು ವಾರ ಬಿಟ್ಟು, ಒಂದು ಸೋಮವಾರ ಮಧ್ಯಾಹ್ನ, ಅವನು ನನ್ನ ಟೇಬಲಿನ ಹತ್ತಿರ ಬಂದು ನಿಂತ.

"ಸರ, ಬ್ಯಾಕಪ್ ಹನ್ನೊಂದು ಮಿನಿಟಿನ್ಯಾಗ ಮುಗೀತೈತ್ರಿ. ಮದ್ಲ ನಲವತ್ತು ಮಿನಿಟು ಬೇಕಾಗ್ತಿತ್ತು."

"ಹೊಸ ಸರ್ವರ್ ಅಲ್ವಾ, ಜೋರುಂಟು."

"ಸರ್ವರ್ ಜೋರ್ ಇರಬೌದ್ರಿ. ಟೇಪು ಹಳೇದ ಐತಲ್ಲ?"

ನಾನು ಸ್ಕ್ರೀನಿನಿಂದ ಕಣ್ಣು ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ನನ್ನ ಮುಖ ಕಾಣುತ್ತಿತ್ತು. ಆ ಕ್ಷಣಕ್ಕೆ ನನಗೆ ಅರ್ಥವಾಗಿತ್ತು. ರಿಪೋರ್ಟುಗಳನ್ನು ಹೊಸ ಮನೆಗೆ ಸಾಗಿಸಿದ್ದೆ, ಆದರೆ ಬ್ಯಾಕಪ್ಪಿಗೆ ಹೊಸ ವಿಳಾಸ ಕೊಟ್ಟಿರಲಿಲ್ಲ. ಅದು ದಿನಾ ಸಂಜೆ ಏಳಕ್ಕೆ ಹಳೆಯ ಖಾಲಿ ಮನೆಗೆ ಹೋಗಿ, ಅಲ್ಲಿ ಬಿದ್ದಿದ್ದ ಕಸಕಡ್ಡಿಯನ್ನು ನಕಲು ಮಾಡಿ, ಕೆಲಸ ಯಶಸ್ವಿಯಾಯಿತು ಎಂದು ಹಸಿರು ದೀಪ ಹಚ್ಚುತ್ತಿತ್ತು. ರಿಪೋರ್ಟುಗಳನ್ನು ಸಾಗಿಸಿದ ಮೇಲೆ ಮೊದಲು ಮಾಡಬೇಕಾದದ್ದು ಏನು ಎಂಬ ಪ್ರಶ್ನೆ ನನ್ನ ಎರಡನೆಯ ಪರೀಕ್ಷೆಯಲ್ಲೇ ಬಂದಿತ್ತು. ನಾನು ಸರಿಯಾಗಿ ಉತ್ತರಿಸಿದ್ದೆ. ಆ ಪ್ರಶ್ನೆಯ ಮುಖ ನನಗೆ ಇಂದಿಗೂ ನೆನಪಿದೆ. ಉತ್ತರ ಎರಡನೆಯದು. ಅದರ ಅರ್ಥವನ್ನು ನಾನು ಯಾವತ್ತೂ ಓದಿರಲಿಲ್ಲ.

ವಾರದ ದಿನದ ಟೇಪುಗಳೆಲ್ಲ ಆಗಲೇ ಖಾಲಿಯಾಗಿದ್ದವು. ಮನೆಯಲ್ಲಿದ್ದ ಆರರಲ್ಲಿ ಎರಡು ಖಾಲಿ. ನಾಲ್ಕರಲ್ಲಿ ಒಂಬತ್ತು ವರ್ಷ ಇನ್ನೂ ಉಳಿದಿತ್ತು.

ಸರಿಪಡಿಸಲು ಐದು ನಿಮಿಷ ಸಾಕಿತ್ತು. ಆದರೆ ಬ್ಯಾಕಪ್ಪಿನಲ್ಲಿ ಏನು ಬದಲಿಸಿದರೂ ಅದು ತಾರೀಖಿನ ಸಮೇತ ದಾಖಲಾಗುತ್ತಿತ್ತು. ನಾಲ್ಕು ವಾರ ಬಿಟ್ಟು ಬುಧವಾರ ಕಂಪ್ಯೂಟರ್ ವ್ಯವಸ್ಥೆಯನ್ನು ತಪಾಸಣೆ ಮಾಡುವ ಹೊರಗಿನ ಆಡಿಟರುಗಳು ಬರುವವರಿದ್ದರು. ಅವರು ಮೊದಲು ನೋಡುವುದೇ ಆ ದಾಖಲೆ. ಆಡಿಟ್ ಚೆನ್ನಾಗಿ ಹೋದರೆ ಮುಖ್ಯಸ್ಥನ ಕುರ್ಚಿ ನಿಮ್ಮದೇ ಎಂದು ಸಾಹೇಬರು ಸೂಚಿಸಿದ್ದರು. ಆಡಿಟ್ ಮುಗಿದ ಮರುದಿನ ಸರಿ ಮಾಡಿದರಾಯಿತು ಎಂದುಕೊಂಡೆ. ನಾಲ್ಕು ವಾರದಲ್ಲಿ ಏನು ಮಹಾ ಆಗುತ್ತದೆ?

ಮೊದಲ ಶುಕ್ರವಾರ ಒಂದು ಟೇಪು ಒಯ್ದೆ. ಏಳು ಗಂಟೆ ಹನ್ನೊಂದು ನಿಮಿಷಕ್ಕೆ ಹಸಿರು ದೀಪ ಬಂತು. ಮೂರು ಉಳಿದವು. ಎರಡನೆಯ ಶುಕ್ರವಾರದ ಮೇಲೆ ಎರಡು. ಒಂದನ್ನಾದರೂ ಬದಿಗಿಟ್ಟು ಬೇರೆ ಟೇಪು ಒಯ್ಯಬಹುದಿತ್ತು. ಆದರೆ ಪ್ರತಿಯೊಂದರ ಮೇಲೂ ನಂಬರ್ ಇತ್ತು, ಆಡಿಟರು ನಂಬರ್ ತಾಳೆ ನೋಡುತ್ತಾರೆ ಎಂದು ಹೆದರಿದೆ. ಮೂರನೆಯ ಶುಕ್ರವಾರ ಹೆಂಡತಿ ರೇಷ್ಮೆ ಬಟ್ಟೆ ಬಿಚ್ಚಿ ಟೇಪು ಕೈಗೆ ಕೊಡುವಾಗ, "ನಿಮ್ಮ ಕೈ ತಣ್ಣಗಾಗಿದೆ, ಬಿಪಿ ನೋಡಿಸಿ" ಎಂದಳು. ನಾಲ್ಕನೆಯ ಶುಕ್ರವಾರ ಕೊನೆಯದನ್ನೂ ಒಯ್ದೆ. ಯಂತ್ರದೊಳಗೆ ಟೇಪು ಸುತ್ತುವ ಸದ್ದನ್ನು ಹನ್ನೊಂದು ನಿಮಿಷ ಕುಳಿತು ಕೇಳಿದೆ. ಬಿಜಾಪುರದವನು ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದ.

ಆಡಿಟರ ಎದುರು ಅವನು ಬಾಯಿ ಬಿಟ್ಟರೆ? ಅದಕ್ಕೊಂದು ದಾರಿ ಮಾಡಿದ್ದೆ. ಅವನು ಪರೀಕ್ಷೆಗೆ ತಯಾರಾಗಿದ್ದ. ಬುಧವಾರವೇ ಬರೆದುಬಿಡು, ರಜೆ ನಾನು ಕೊಡುತ್ತೇನೆ ಎಂದು ಆ ದಿನಕ್ಕೇ ಅವನ ಪರೀಕ್ಷೆ ಗೊತ್ತು ಮಾಡಿಸಿದೆ. ಅವನ ಕಣ್ಣು ತೇವವಾಯಿತು. "ನಿಮ್ಮ ಋಣ ದೊಡ್ಡದ್ರಿ ಸರ," ಅಂದ. ರಜೆಯನ್ನು ನಾನು ಬಾಯಿಮಾತಿನಲ್ಲಿ ಕೊಟ್ಟೆ, ಕಾಗದದಲ್ಲಿ ಕೊಡಲಿಲ್ಲ.

ಇನ್ನೊಂದು ಕೆಲಸ ಬಾಕಿ ಇತ್ತು. ಟೇಪಿನಿಂದ ರಿಪೋರ್ಟುಗಳು ನಿಜವಾಗಿ ವಾಪಸು ಬರುತ್ತವೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸಿ ರಿಜಿಸ್ಟರಿನಲ್ಲಿ ಇಬ್ಬರು ಸಹಿ ಹಾಕಬೇಕು. ಪರೀಕ್ಷಿಸಿದವರು ಒಬ್ಬರು, ಮೇಲ್ವಿಚಾರಕ ಇನ್ನೊಬ್ಬರು. ನಾವು ವರ್ಷವಿಡೀ ಮಾಡಿರಲಿಲ್ಲ. ಆಡಿಟ್ ಹತ್ತಿರ ಬಂದಾಗ ಹನ್ನೆರಡು ತಿಂಗಳ ಸಹಿಯನ್ನು ಒಟ್ಟಿಗೆ ಹಾಕುವುದು ನನ್ನ ರೂಢಿ. ಬೇರೆ ಬೇರೆ ದಿನ ಹಾಕಿದಂತೆ ಕಾಣಲಿ ಎಂದು ಮೂರು ಪೆನ್ನು ಇಟ್ಟುಕೊಳ್ಳುತ್ತಿದ್ದೆ. ಹಿಂದಿನ ವರ್ಷಗಳಲ್ಲಿ ಪರೀಕ್ಷಿಸಿದವನ ಸಹಿಯನ್ನು ಹಾಕುತ್ತಿದ್ದ ನೌಕರ ಕೆಲಸ ಬಿಟ್ಟಿದ್ದ. ಮಂಗಳವಾರ ಸಂಜೆ ರಿಜಿಸ್ಟರ್ ತೆರೆದು, ಮೂರು ಪೆನ್ನು ಸಾಲಾಗಿ ಇಟ್ಟು, ಬಿಜಾಪುರದವನನ್ನು ಕರೆದೆ.

"ನಾ ಮಾಡಿಲ್ಲಲ್ರಿ ಇದನ್ನ," ಅಂದ.

"ಯಾರೂ ಮಾಡುವುದಿಲ್ಲ. ಹಾಕು."

"ಮಾಡಿ ನೋಡೂಣೇನ್ರಿ? ಒಂದ ಟೇಪು ಸಾಕು. ಈಗ ಕುಂತು ಹಾಕೂಣು."

"ನಾಳೆ ನಿನ್ನ ಪರೀಕ್ಷೆ ಉಂಟು. ಮನೆಗೆ ಹೋಗು ಮಾರಾಯ."

ಅವನು ಬಾಗಿಲ ತನಕ ಹೋಗಿ ತಿರುಗಿದ. ಸರ್ವರ್ ಇದ್ದ ಕೋಣೆಯ ಎಸಿ ಎರಡು ತಿಂಗಳಿಂದ ಸೋರುತ್ತಿತ್ತು. ರಿಪೇರಿಯವರು ಇವತ್ತು ನಾಳೆ ಎನ್ನುತ್ತಿದ್ದರು. ಅವನು ಸರ್ವರುಗಳ ಕಪಾಟಿನ ನೆತ್ತಿಯ ಮೇಲೆ ಒಂದು ನೀಲಿ ಬಕೆಟ್ ಇಟ್ಟು, ದಿನಕ್ಕೆ ಎರಡು ಸಲ ಖಾಲಿ ಮಾಡುತ್ತಿದ್ದ.

"ನಾಳೆ ಬಕೀಟು ನೀವ ನೋಡ್ರಿ ಸರ. ಹನ್ನೆರಡಕ್ಕ ತುಂಬತೈತಿ. ಮರೀಬ್ಯಾಡ್ರಿ."

ಮರೆಯುವುದಿಲ್ಲ ಎಂದೆ.

ಬುಧವಾರ ಬೆಳಿಗ್ಗೆ ಏಳಕ್ಕೆ, ಯಾರೂ ಬರುವ ಮೊದಲು, ಆಫೀಸಿನಲ್ಲಿ ಕುಳಿತು ಅವನ ಹನ್ನೆರಡು ಸಹಿಗಳನ್ನು ನಾನೇ ಹಾಕಿದೆ. ಅವನು ಕನ್ನಡದಲ್ಲಿ ಸಹಿ ಮಾಡುತ್ತಿದ್ದ. ಆ ಬಿಲ್ಡಿಂಗಿನಲ್ಲಿ ಕನ್ನಡ ಬರೆಯಲು ಬರುತ್ತಿದ್ದವರು ನಾವಿಬ್ಬರೇ. ಶಾಲೆಯಲ್ಲಿ ಕಾಪಿ ಬರೆದಂತೆ ನಿಧಾನವಾಗಿ, ಅವನ ಅಕ್ಷರದ ಓರೆ ನೋಡಿಕೊಂಡು ಬರೆದೆ. ಚೆನ್ನಾಗಿ ಬಂತು.

ಆಡಿಟರುಗಳು ಬಂದರು. ರಿಜಿಸ್ಟರ್ ತಿರುವಿ ನೋಡಿ, "ವೆರಿ ಗುಡ್" ಎಂದರು. ಹನ್ನೆರಡೂವರೆಗೆ ಅವರನ್ನು ಕೆಳಗಿನ ಹೋಟೆಲಿಗೆ ಊಟಕ್ಕೆ ಕರೆದೊಯ್ದೆ. ಪೂರಿ ಎರಡನೆಯ ಸಲ ಬರುವ ಹೊತ್ತಿಗೆ ರಿಸೆಪ್ಷನ್ನಿನಿಂದ ಫೋನ್ ಬಂತು: ಯಾವ ಕಂಪ್ಯೂಟರಿನಲ್ಲೂ ರಿಪೋರ್ಟ್ ತೆರೆಯುತ್ತಿಲ್ಲ, ಏನೋ ಸುಟ್ಟ ವಾಸನೆ ಬರುತ್ತಿದೆ.

ಮೆಟ್ಟಿಲು ಹತ್ತುವಾಗಲೇ ಬಕೆಟ್ ನೆನಪಾಯಿತು.

ನೀರು ಕಪಾಟಿನ ಮುಂಭಾಗದಲ್ಲಿ ಸಣ್ಣ ಗೆರೆಯಾಗಿ ಇಳಿಯುತ್ತಿತ್ತು. ಹೊಸ ಸರ್ವರಿನ ದೀಪಗಳೆಲ್ಲ ಆರಿದ್ದವು. ಬಕೆಟ್ ತುಂಬಿ, ಅಂಚಿನಲ್ಲಿ ನೀರು ಕದಲದೆ ನಿಂತಿತ್ತು. ಮೇಲಿನಿಂದ ಒಂದೊಂದು ಹನಿ ಬಿದ್ದಾಗಲೂ ಅಷ್ಟೇ ನೀರು ಕೆಳಗೆ ಹೋಗುತ್ತಿತ್ತು.

ಸರ್ವರ್ ಮಾರಿದ ಕಂಪನಿಯ ಎಂಜಿನಿಯರ್ ಬಂದು ರಿಪೋರ್ಟುಗಳಿದ್ದ ಡಿಸ್ಕುಗಳು ಸತ್ತಿವೆ ಎಂದ. ಸಾಹೇಬರು ಮಾತ್ರ ಸಮಾಧಾನವಾಗಿಯೇ ಇದ್ದರು. "ಟೇಪ್ ಹೈ ನಾ? ಲೇ ಆವೋ." ಟೇಪು ಇದೆಯಲ್ಲ, ತಾ ಎಂದರು.

ರಿಕ್ಷಾ ಹಿಡಿದು ಮನೆಗೆ ಹೋದೆ. ಹೆಂಡತಿ ಗಂಟನ್ನೇ ಎತ್ತಿ ನನ್ನ ಮಡಿಲಿಗೆ ಕೊಟ್ಟಳು. "ಎಲ್ಲ ಇದ್ರಲ್ಲಿ ಉಂಟಲ್ವಾ? ಮತ್ತೆ ಯಾಕೆ ಹೆದರ್ತೀರಿ? ದೇವರ ಅಡಿಯಲ್ಲಿ ಇದ್ದದ್ದು." ಹಿಂದೆ ಬರುವಾಗ ಆ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದೆ. ಸಿಗ್ನಲಿನಲ್ಲಿ ರಿಕ್ಷಾದವನು ಕನ್ನಡಿಯಲ್ಲಿ ನೋಡಿ, ಅಸ್ಥಿ ಬಿಡುವುದಕ್ಕೆ ಹೋಗುತ್ತಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದ. ನಾನು ಇಲ್ಲ ಎನ್ನಲಿಲ್ಲ.

ಎಂಜಿನಿಯರ್ ಒಂದೊಂದೇ ಟೇಪು ಹಾಕಿ ನೋಡಿದ. ಆಡಿಟರುಗಳು ಹಿಂದೆ ನಿಂತಿದ್ದರು. ಒಂದನೆಯದು ಖಾಲಿ. ಎರಡನೆಯದು ಖಾಲಿ. ಆರೂ ಖಾಲಿ ಎಂದು ನನಗೆ ಗೊತ್ತಿತ್ತು, ಆದರೂ ಪ್ರತಿ ಸಲ ಸ್ಕ್ರೀನಿನ ಕಡೆ ಬಗ್ಗಿ ನೋಡಿದೆ. ಆರನೆಯದೂ ಮುಗಿದ ಮೇಲೆ ಸಾಹೇಬರು ರಿಜಿಸ್ಟರ್ ಕೇಳಿದರು. ಹನ್ನೆರಡು ಸಹಿಗಳ ಮೇಲೆ ಬೆರಳಾಡಿಸಿ, ಇದು ಯಾರದು ಎಂದರು.

ನಾಲ್ಕು ಗಂಟೆಗೆ ಬಿಜಾಪುರದವನು ಬಂದ. ಕೈಯಲ್ಲಿ ಪೇಡೆಯ ಡಬ್ಬಿ ಇತ್ತು, ಪರೀಕ್ಷೆಯ ಕೇಂದ್ರದಲ್ಲಿ ಕೊಟ್ಟ ಅಂಕದ ಕಾಗದ ಇತ್ತು. ಬಾಗಿಲಿನಿಂದಲೇ, "ಸರ, ಪಾಸ್ ಆದ್ನಿರಿ!" ಅಂದ. ಆಮೇಲೆ ಒದ್ದೆ ನೆಲ ನೋಡಿದ. ಆಮೇಲೆ ಬಕೆಟ್ ನೋಡಿದ.

ವಿಚಾರಣೆ ಅಲ್ಲೇ, ಆಗಲೇ ನಡೆಯಿತು. ಅನುಮತಿ ಇಲ್ಲದೆ ಯಾಕೆ ಗೈರುಹಾಜರಾದೆ ಎಂದು ಸಾಹೇಬರು ಕೇಳಿದರು. ಅವನು ನನ್ನ ಕಡೆ ನೋಡಿದ. ನಾನು ರಜೆಯ ಅರ್ಜಿ ಬಂದಿಲ್ಲ ಎಂದೆ. ಅದು ಸುಳ್ಳಲ್ಲ. ಸಾಹೇಬರು ರಿಜಿಸ್ಟರನ್ನು ಅವನ ಮುಂದೆ ತಳ್ಳಿದರು.

ಅವನು ಪುಟ ತಿರುವಿ ಬಹಳ ಹೊತ್ತು ನೋಡಿದ. "ಸಾಬ್, ಯೇ ಮೇರಾ ಸೈನ್ ನಹೀ ಹೈ," ಎಂದ. ತನ್ನ ಸಹಿ ಅಲ್ಲ.

ಈ ಲಿಪಿ ಬಲ್ಲವನು ನೀನು, ಇದು ಅವನದೇನಾ ಎಂದು ಸಾಹೇಬರು ನನ್ನ ಕಡೆ ತಿರುಗಿದರು. "ತುಮ್ ಬತಾವೋ. ಯೇ ಲಿಪಿ ತುಮ್ ಜಾನ್ತೇ ಹೋ. ಉಸೀ ಕಾ ಹೈ?"

ಆ ಕೋಣೆಯಲ್ಲಿ ಆ ಅಕ್ಷರಗಳನ್ನು ಓದಬಲ್ಲವರು ಇಬ್ಬರೇ ಇದ್ದೆವು. ಒಬ್ಬ ಆಗಲೇ ನಿಜ ಹೇಳಿದ್ದ. ಇನ್ನೊಬ್ಬ ನಾನು.

"ಉಸೀ ಕಾ ಹೈ, ಸಾಬ್," ಎಂದೆ. ಅವನದೇ.

ಅವನು ಜಗಳಾಡಲಿಲ್ಲ. ನನ್ನನ್ನೇ ನೋಡುತ್ತ, ಮೆಲ್ಲಗೆ ಕನ್ನಡದಲ್ಲಿ, "ಯಾಕ್ರಿ ಸರ?" ಅಂದ. ಅಷ್ಟೇ. ಪೇಡೆಯ ಡಬ್ಬಿ ಟೇಬಲಿನ ಮೇಲೆಯೇ ಉಳಿಯಿತು. ಎರಡು ದಿನ ಯಾರೂ ಮುಟ್ಟಲಿಲ್ಲ, ಇರುವೆ ಮುತ್ತಿದ ಮೇಲೆ ಕಸ ಗುಡಿಸುವವಳು ಎತ್ತಿ ಹಾಕಿದಳು.

ನಾನು ಬರೆದ ವರದಿಯಲ್ಲಿ ನಾಲ್ಕು ಸಾಲು ಇದ್ದವು: ಅರ್ಹತೆಯಿಲ್ಲದ ನೌಕರ, ಸುಳ್ಳು ಪರೀಕ್ಷೆಯ ದಾಖಲೆ, ಅನುಮತಿಯಿಲ್ಲದ ಗೈರುಹಾಜರಿ, ನಂಬಿಕೆಗೆ ದ್ರೋಹ. ಅರ್ಹತೆಯಿಲ್ಲದ ಎಂದು ಬರೆಯುವಾಗ ಅವನ ಅಂಕದ ಕಾಗದ ನನ್ನ ಎದುರೇ ಇತ್ತು. ಅವನು ನಿಜವಾಗಿ ಕಲಿತು ಪಾಸಾಗಿದ್ದ. ಆ ಕಟ್ಟಡದಲ್ಲಿ ಹಾಗೆ ಪಾಸಾದವನು ಅವನೊಬ್ಬನೇ.

ಅವನನ್ನು ಕೆಲಸದಿಂದ ತೆಗೆದರು; ಅವನನ್ನು ನಂಬಿ ಮೇಲ್ವಿಚಾರಕನ ಸಹಿ ಹಾಕಿದೆ ಎಂಬ ನನ್ನ ಮಾತನ್ನು ಒಪ್ಪಿಕೊಂಡರು. ಆಮೇಲಿನ ವಾರಗಳಲ್ಲಿ ಜನ ಹಳೆಯ ರಿಪೋರ್ಟ್ ಕೇಳಿಕೊಂಡು ಬಂದರು. ಒಬ್ಬ ಹೆಂಗಸು ಮೂರು ದಿನ ಬೆಂಚಿನ ಮೇಲೆ ಕುಳಿತಳು. ಹೋದ ವರ್ಷದ ಗಡ್ಡೆಯ ರಿಪೋರ್ಟ್ ಇಲ್ಲದೆ ಈ ವರ್ಷದ್ದನ್ನು ಹೋಲಿಸುವುದು ಹೇಗೆ ಎಂದು ಡಾಕ್ಟರು ಕೇಳಿದ್ದರಂತೆ. ನಾಲ್ಕನೆಯ ದಿನ ಅವಳು ಬರಲಿಲ್ಲ. ಅವಳಿಗೆ ಏನಾಯಿತೋ ನನಗೆ ಗೊತ್ತಿಲ್ಲ. ಬೆಂಚಿನ ಆ ತುದಿಯನ್ನು ನಿವೃತ್ತಿಯ ತನಕ ನೋಡದೆ ದಾಟಿದೆ.

ಕಷ್ಟಕಾಲದಲ್ಲಿ ಧೈರ್ಯಗೆಡದೆ ನಡೆದುಕೊಂಡೆ ಎಂದು ನನಗೇ ಮುಖ್ಯಸ್ಥನ ಕುರ್ಚಿ ಕೊಟ್ಟರು. ಕ್ಯಾಬಿನ್ ಬಂತು. ಹೊಸ ಕೆಲಸಕ್ಕೆ ಯಾರಾದರೂ ಅರ್ಜಿ ಹಾಕಿದರೆ ಹಳೆಯ ಕಂಪನಿಗೆ ಫೋನ್ ಮಾಡಿ ವಿಚಾರಿಸುವುದು ಈ ಉದ್ಯೋಗದ ರೂಢಿ. ಅವನ ಬಗ್ಗೆ ಮೂರು ಸಲ ಫೋನ್ ಬಂತು, ಮೂರೂ ಸಲ ನನಗೇ ಬಂತು. ಮತ್ತೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದಾಗ ಇಲ್ಲ ಎಂದೆ. ನಾಲ್ಕನೆಯ ಫೋನ್ ಬರಲಿಲ್ಲ. ಅವನು ಅರ್ಜಿ ಹಾಕುವುದನ್ನೇ ಬಿಟ್ಟಿರಬೇಕು ಎಂದು ತಿಳಿದು ನನಗೆ ಹಗುರವಾಯಿತು. ಇದನ್ನೂ ಬರೆಯಬೇಕು: ಹಗುರವಾಯಿತು.

ಅವನು ಹೋದ ಆರು ವಾರಕ್ಕೆ ಅವನ ಸರ್ಟಿಫಿಕೇಟ್ ಅಂಚೆಯಲ್ಲಿ ಆಫೀಸಿಗೆ ಬಂತು. ತಾನಿದ್ದ ಚಾಳಿನ ವಿಳಾಸಕ್ಕೆ ಅಂಚೆ ಸರಿಯಾಗಿ ಬರುವುದಿಲ್ಲವೆಂದು ಆಫೀಸಿನ ವಿಳಾಸ ಕೊಟ್ಟಿದ್ದ. ಅದನ್ನು ಹರಿಯಲೂ ಆಗಲಿಲ್ಲ, ಕಳಿಸಲೂ ಆಗಲಿಲ್ಲ. ಡ್ರಾಯರಿನಲ್ಲಿಟ್ಟೆ. ನಿವೃತ್ತಿಯ ದಿನ ಉಳಿದ ಕಾಗದಗಳ ಜೊತೆ ಮನೆಗೆ ಬಂತು.

ಈ ವರ್ಷ ಚೌತಿಗೆ ಮನೆ ಒರೆಸುವಾಗ ಹೆಂಡತಿ ಒಂದು ಲಕೋಟೆ ಹಿಡಿದುಕೊಂಡು ಬಂದಳು. "ಇದು ನಮ್ಮ ರೊಟ್ಟಿ ತರ್ತಿದ್ದವರ ಹೆಸರಲ್ವಾ? ಒಡೆಯಲೇ ಇಲ್ಲ, ಯಾಕೆ?"

ಹೇಳಿದೆ. ಅವಳು ಒರೆಸುವ ಬಟ್ಟೆ ಕೈಯಲ್ಲಿ ಹಿಡಿದೇ ನಿಂತು ಕೇಳಿದಳು. ಮುಗಿದ ಮೇಲೆ ದೇವರ ಗೂಡಿನ ಕೆಳಗಿನ ಖಾಲಿ ಡ್ರಾಯರಿನ ಕಡೆ ಒಮ್ಮೆ ನೋಡಿ, "ಖಾಲಿ ಡಬ್ಬಿಗೆ ನನ್ನ ಹತ್ರ ದೀಪ ಇಡಿಸಿದ್ರಾ?" ಎಂದಳು. ಆಮೇಲೆ, "ನನ್ನ ಹತ್ರ ಹೇಳಿ ಎಂತ ಪ್ರಯೋಜನ? ಅವರ ಹತ್ರ ಹೋಗಿ."

ಹುಡುಕಲು ಹೆಚ್ಚು ದಿನ ಬೇಕಾಗಲಿಲ್ಲ. ಕೇಬಲ್ ಕೆಲಸದವರಿಗೆಲ್ಲ ಅವನು ಗೊತ್ತಿದ್ದ. ಗ್ರಾಂಟ್ ರೋಡಿನಲ್ಲಿ, ನಾನು ಮೊದಲು ತಟ್ಟೆ ಹೊತ್ತ ಹೋಟೆಲಿನಿಂದ ಎರಡು ಗಲ್ಲಿ ಆಚೆ, ಒಂದು ಮೆಟ್ಟಿಲಿನ ಕೆಳಗಿನ ಮೂರಡಿ ಜಾಗದಲ್ಲಿ ಅವನ ಅಂಗಡಿ. ಕೇಬಲ್ ತುಂಡು ಮಾಡಿ, ತುದಿಗೆ ಪ್ಲಗ್ ಒತ್ತಿ ಮಾರುತ್ತಾನೆ. ತಲೆ ಅರ್ಧ ನೆರೆತಿದೆ. ನಾನು ನಿಂತದ್ದನ್ನು ನೋಡಿ, ಕೈಯಲ್ಲಿದ್ದ ಕೇಬಲಿನ ಎಂಟು ತಂತಿಗಳನ್ನೂ ಸರಿಯಾಗಿ ಜೋಡಿಸಿ, ಒತ್ತಿ, ಪಕ್ಕಕ್ಕಿಟ್ಟು, ಆಮೇಲೆ ಮಾತಾಡಿದ.

"ಬರ್ರಿ ಸರ. ಕುಂದರ್ರಿ." ಕೂರಲು ಕೇಬಲಿನ ಸುರುಳಿಯೊಂದನ್ನು ಸರಿಸಿದ.

ಲಕೋಟೆ ಕೊಟ್ಟೆ. ತಂತಿ ಕತ್ತರಿಸುವ ಇಕ್ಕಳದಿಂದ ಅಂಚು ಕತ್ತರಿಸಿ, ಕಾಗದ ಬಿಡಿಸಿ ಓದಿದ.

"ಮೂರ ವರ್ಷದ ಅವಧಿ. ಮುಗದೈತಿ." ಸ್ವಲ್ಪ ನಕ್ಕ. "ನಿಮ್ಮವೂ ಮುಗದಿರಬೇಕಲ್ರಿ?"

"ಎಲ್ಲ ಮುಗಿದಿವೆ."

ಕಾಗದವನ್ನು ಮಡಚಿ ಮೊಣಕಾಲಿನ ಮೇಲಿಟ್ಟುಕೊಂಡ. ಮೇಲೆ ಮೆಟ್ಟಿಲಲ್ಲಿ ಯಾರೋ ಧಡಧಡ ಇಳಿದರು. ನಮ್ಮ ಮೇಲೆ ಧೂಳು ಉದುರಿತು.

"ಒಂದ ಮಾತು ಕೇಳ್ತೀನಿ. ಆ ಹನ್ನೊಂದು ಮಿನಿಟು ನಿಮಗ ಗೊತ್ತಿತ್ತೇನ್ರಿ? ಇಲ್ಲಾ, ಖರೇನ ಹೊಸಾ ಸರ್ವರ್ ಜೋರ್ ಐತಿ ಅಂತ ತಿಳಕೊಂಡಿದ್ರಿ?"

"ಗೊತ್ತಿತ್ತು. ನೀನು ಹೇಳಿದ ಗಳಿಗೆಯಲ್ಲೇ ಗೊತ್ತಾಯಿತು."

ಅವನು ಕೇಬಲಿನ ಸಿಪ್ಪೆಗಳನ್ನು ಕಾಲಿನಿಂದ ಒಂದು ಮೂಲೆಗೆ ಒಟ್ಟು ಮಾಡಿದ. "ನಾನ ತಪ್ಪು ನೋಡೀನೇನೋ ಅನಕೊಂಡಿದ್ದೆ. ಇಷ್ಟ ವರ್ಷ. ನಿಮ್ಮಂತಾವ್ರು ಐದ ಸರ್ಟಿಫಿಕೇಟ್ ತಗೊಂಡಾವ್ರು ಹಂಗಲ್ಲ ಅಂದ್ರ, ನನ್ನ ಕಣ್ಣಿಗೇ ಏನೋ ಆಗೈತಿ ಅಂತ. ಆಮ್ಯಾಲ ಮಷೀನು ಮುಟ್ಟಾಕ ಧೈರ್ಯನ ಬರ್ಲಿಲ್ಲ. ಕೇಬಲ್ ಅಂದ್ರ ಸುಳ್ಳ ಹೇಳಂಗಿಲ್ಲ ನೋಡ್ರಿ."

ನಾನು ಕೈ ಮುಗಿಯಲು ಹೋದೆ. ಅವನು ನೋಡಲಿಲ್ಲ. ಡಬ್ಬಿಯೊಂದರ ಅಡಿಯಿಂದ ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟ.

"ಬರೀರಿ. ಸಹಿ ಯಾರು ಹಾಕಿದ್ರು, ರಜಾ ಯಾರು ಕೊಟ್ರು, ಎಲ್ಲಾ. ಕನ್ನಡದಾಗ ಬರೀರಿ. ಊರಾಗ ನಮ್ಮಪ್ಪ ಇದ್ದಾನ. ಮಗ ಕಳ್ಳ ಸಹಿ ಹಾಕಿ ಕೆಲಸ ಕಳಕೊಂಡ ಅಂತ ಮಂದಿ ಹೇಳಿದ್ದು ಅವಗ ಮುಟ್ಟೈತಿ. ಕಣ್ಣು ಕಾಣಂಗಿಲ್ಲ ಈಗ. ಓದಿ ಹೇಳ್ತೀನಿ."

"ಅಪ್ಪನಿಗೆ ಮಾತ್ರವಾ?"

"ಮದ್ಲ ಅಪ್ಪಗ. ಆಮ್ಯಾಲ ಯಾರಿಗೆ ಅಂತ ನಾ ನೋಡ್ತೀನ್ರಿ."

ಬರೆದೆ. ಹಾಳೆಯ ಎರಡೂ ಬದಿ ತುಂಬಿತು. ಗಿರಾಕಿಗಳು ಬಂದರು, ಕೇಬಲ್ ಕೊಂಡು ಹೋದರು. ಮೆಟ್ಟಿಲ ಸಂದಿಯಿಂದ ಬೀಳುತ್ತಿದ್ದ ಬಿಸಿಲು ಹಾಳೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಸರಿಯಿತು. ನಡುವೆ ಪೆನ್ನು ಬತ್ತಿತು, ಜೇಬಿನಿಂದ ಇನ್ನೊಂದು ತೆಗೆದೆ.

"ಬ್ಯಾಡ್ರಿ," ಎಂದು ಅವನು ತನ್ನ ಪೆನ್ನು ಚಾಚಿದ. "ಮತ್ತ ಮದ್ಲಿಂದ ಬರೀರಿ. ಒಂದ ಪೆನ್ನಿಲೆ."

ಮೊದಲಿನಿಂದ ಬರೆದೆ. ಕೊನೆಗೆ ನನ್ನ ಸಹಿ ಹಾಕಿದೆ. ಅವನು ಹಾಳೆಯನ್ನು ತನ್ನ ಕಡೆ ತಿರುಗಿಸಿ, ಸಹಿಯ ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟ.

"ತಾರೀಖು ಹಾಕ್ರಿ ಸರ. ಇವತ್ತಿಂದು."